ಎಳೆ ಹರಿದು ನೋಡಿದ್ದು

ಮೊಳಕಾಲ್ಮೂರಿನ ಗಿರಿಜಕ್ಕ ನಲವತ್ತು ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುತ್ತಾರೆ. ಯಾರ ಮನೆಯಲ್ಲಿ ಯಾವ ಸೀರೆ ಮಗ್ಗದ ಮೇಲಿದೆ ಎಂಬ ಪಟ್ಟಿ ಕಳೆದರೆ ವ್ಯಾಪಾರವೇ ನಿಂತಂತೆ. ಅದನ್ನು ಕ್ಲೌಡ್‌ನಲ್ಲಿಡಲು ಎರಡು ಡೇಟಾಬೇಸ್ ಸೇವೆಗಳಲ್ಲಿ ಪ್ರಯೋಗಕ್ಕೆ ಪಟ್ಟಿಯ ಪ್ರತಿ ಹಾಕಿ ಹೋಲಿಸಿ, ಹನ್ನೆರಡು ಅಂಕಣಗಳ ಕೋಷ್ಟಕ ಮಾಡಿಕೊಂಡು ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಡುವ ನಾನು ಅವರಲ್ಲಿಗೆ ಹೋಗಿದ್ದೆ. ನನ್ನ ಪ್ರಕಾರ ಎರಡನೆಯದೇ ಮೇಲು: ವೇಗ ಹೆಚ್ಚು, ಬೆಲೆ ಕಡಿಮೆ.

ಅಕ್ಕ ಕೋಷ್ಟಕವನ್ನು ಬದಿಗಿಟ್ಟರು. "ಹೊಸ ನೇಕಾರ ಬಂದ್ರೆ ನಾನು ನೇಯ್ಗೆ ನೋಡಲ್ಲ ತಮ್ಮಾ. ಎಳೆ ಹರಿದು, ಗಂಟು ಹಾಕು ಅಂತೀನಿ. ಇವೆರಡನ್ನೂ ಹರಿ."

"ಪಟ್ಟಿ ಅಳಿಸೋದಾ ಅಕ್ಕ?"

"ಪ್ರಯೋಗಕ್ಕೆ ಅಂತ ಹಾಕಿದ್ದು ಐತಲ್ಲ, ಅದನ್ನ."

ಎರಡರಲ್ಲೂ ಅಳಿಸಿದೆ. ಮೊದಲನೆಯದರಲ್ಲಿ, ಅಳಿಸುವ ಒಂದು ನಿಮಿಷ ಮುಂಚಿನ ಪಟ್ಟಿ ಬೇಕೆಂದು ಕೇಳಿದೆ; ಚಹಾ ಮುಗಿಯುವಷ್ಟರಲ್ಲಿ ಪೂರ್ತಿ ಮರಳಿತು. ನಾನು ಮೆಚ್ಚಿದ್ದರಲ್ಲಿ ಸಿಕ್ಕಿದ್ದು ಹಿಂದಿನ ದಿನದ ಪ್ರತಿ ಮಾತ್ರ. ಆ ಬೆಳಿಗ್ಗೆ ಸೇರಿಸಿದ್ದ ಮೂರು ಸೀರೆ ಅದರಲ್ಲಿರಲಿಲ್ಲ.

"ಇವನೂ ಗಂಟು ಹಾಕ್ತಾನೆ," ಎಂದರು ಅಕ್ಕ, "ಆದ್ರೆ ಎಳೆ ಗಿಡ್ಡ ಆಗ್ತೈತೆ."

ಮೊದಲನೆಯದನ್ನೇ ಆರಿಸಿದೆವು. ನನ್ನ ಕೋಷ್ಟಕದಲ್ಲಿ ಈಗ ಹದಿಮೂರನೆಯ ಅಂಕಣವೊಂದಿದೆ, ಹೆಸರು 'ಗಂಟು'. ಬೇರೆ ಊರಿನ ಗಿರಾಕಿಗಳು ಅದೇನೆಂದು ಕೇಳುತ್ತಾರೆ. ಪಟ್ಟಿ ಅಳಿಸಿ ತೋರಿಸುತ್ತೇನೆ, ಮೊದಲು ಚಹಾ ತರಿಸಿ ಎನ್ನುತ್ತೇನೆ.