ನಾಯಿ ಅಂದು ಮನೆಯಲ್ಲೇ ಇತ್ತು

ನನ್ನಣ್ಣ ಹಂದಿ ಬೇಟೆಯಲ್ಲಿ ಆಕಸ್ಮಿಕವಾಗಿ ಸಾಯಲಿಲ್ಲ. ಅವನನ್ನು ಕೊಂದರು. ಕೊಂದವನು ಯಾರೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಆಗಿದ್ದರೆ ಹೇಡಿ ಎಂದು ಬೈದು ಬಿಟ್ಟುಬಿಡಬಹುದಿತ್ತು. ನಾನು ಅದಕ್ಕಿಂತ ಮುಂದೆ ಹೋದೆ. ಅವನ ಸಾವಿನ ಮೇಲೊಂದು ಪದ್ಯ ಬರೆದೆ, ಜನ ಮೆಚ್ಚಿ ಅತ್ತ ಪದ್ಯ, ಮತ್ತು ಆ ಪದ್ಯದಿಂದಲೇ ಕೊಲೆಗಾರನನ್ನು ಕಾಪಾಡಿದೆ.

ತೊಂಬತ್ತರ ದಶಕದ ನಡುವಿನ ಮಾತು. ಬಣಕಲ್ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಅಣ್ಣ ಚಂದ್ರಣ್ಣ ನಮ್ಮ ಸಣ್ಣ ಕಾಫಿ ತೋಟ ನೋಡಿಕೊಳ್ಳುತ್ತಿದ್ದ. ತೋಟಕ್ಕೆ ಅಂಟಿಕೊಂಡಂತೆ ದೊಡ್ಡಪ್ಪನ ಮಗ ಉಮೇಶನ ಎಸ್ಟೇಟು. ಅವನು ಪ್ರತಿ ವರ್ಷ ಬೇಲಿಯನ್ನು ಒಂದಿಷ್ಟು ನಮ್ಮ ಕಡೆಗೆ ಜರುಗಿಸುತ್ತಿದ್ದ, ಅಣ್ಣ ಪ್ರತಿ ವರ್ಷ ಹಿಂದಕ್ಕೆ ಹಾಕಿಸುತ್ತಿದ್ದ. ಆ ವರ್ಷ ಕುಯ್ಲಿನ ಹೊತ್ತಿಗೆ ಜಗಳ ಮಿತಿ ಮೀರಿತು. ಒಂದು ಸಂಜೆ ನಮ್ಮ ಕಣದಲ್ಲಿ, ಒಣಗಲು ಹರಡಿದ ಕಾಫಿ ಹಣ್ಣಿನ ಪಕ್ಕ ನಿಂತು ಉಮೇಶ ಹೇಳಿದ:

“ಇನ್ನೊಂದ್ಸಲ ಬೇಲಿ ಹತ್ರ ಕಾಲಿಟ್ರೆ ಹಂದಿ ಅಂತ್ಲೇ ಹೊಡೀತೀನಿ, ನೋಡ್ತಿರು.”

ಅಣ್ಣ ನಕ್ಕುಬಿಟ್ಟ. “ಹಂದಿಗೂ ತನ್ನ ಜಾಗ ಯಾವ್ದು ಅಂತ ಗೊತ್ತಿರತ್ತೆ ಮಾರಾಯ, ನಿಂಗೇ ಗೊತ್ತಿಲ್ಲ” ಎಂದ.

ಅಲ್ಲಿದ್ದವರು ನಾವು ಮೂವರೇ. ಮಾರನೆಯ ಬೆಳಿಗ್ಗೆ ಅಣ್ಣ ಬೇಲಿಯ ಬುಡದಲ್ಲಿ ಎದೆಗೆ ಗುಂಡು ತಗುಲಿ ಬಿದ್ದಿದ್ದ.

ತೋಟಕ್ಕೆ ಹಂದಿ ನುಗ್ಗಿತ್ತು, ಇಬ್ಬರೂ ಸೇರಿ ಅಟ್ಟಿಸಿಕೊಂಡು ಹೋದೆವು, ಚಂದ್ರಣ್ಣ ಆತುರದಲ್ಲಿ ಕೋವಿಗೆ ಅಡ್ಡ ಬಂದ — ಇದು ಉಮೇಶ ಕಟ್ಟಿದ ಕಥೆ. ಇಬ್ಬರ ನಡುವೆ ಏನಾದರೂ ಇತ್ತೇ ಎಂದು ಪೊಲೀಸರು ನನ್ನನ್ನು ಕೇಳಿದರು. ಮುನ್ನಾದಿನದ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರು ಬರುವ ಮೊದಲೇ ದೊಡ್ಡಪ್ಪ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು: “ಒಬ್ಬ ಹೋದ ಮಗಾ, ಇನ್ನೊಬ್ಬನ್ನೂ ಕಳಿಸ್ಬೇಡ.” ನನ್ನನ್ನು ಓದಿಸಿದವರು ಅವರು. ಅದಕ್ಕೇ ಹೇಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ — ಸುಳ್ಳು. ನನಗೆ ಉಮೇಶನ ಭಯವಿತ್ತು. “ಏನೂ ಇರ್ಲಿಲ್ಲ ಸಾರ್” ಎಂದೆ.

ಅತ್ತಿಗೆ ನಾಗವೇಣಿ ಮಾತ್ರ ಮೊದಲ ದಿನದಿಂದಲೂ ಒಂದೇ ಮಾತು ಹೇಳುತ್ತಿದ್ದರು. “ಅವ್ರು ಬೇಟೆಗೆ ಹೋಗ್ಲಿಲ್ಲ. ಕೋವಿ ಗೋಡೇಲೇ ಇದೆ. ಕೆಂಚನ್ನ ಕಟ್ಟಿ ಅನ್ನ ಹಾಕಿದ್ದು ನಾನೇ.” ನಮ್ಮ ಕಡೆ ಕೋವಿಯಿಲ್ಲದೆ, ನಾಯಿಯಿಲ್ಲದೆ ಯಾರೂ ಹಂದಿಯ ಹಿಂದೆ ಹೋಗುವುದಿಲ್ಲ. ಕೆಂಚನಂಥ ಬೇಟೆನಾಯಿಯನ್ನು ಕಟ್ಟಿಹಾಕಿ ಅಣ್ಣ ಹೋಗುವುದಂತೂ ಸಾಧ್ಯವೇ ಇರಲಿಲ್ಲ. ಊರಿಗೆಲ್ಲ ಅದು ಗೊತ್ತು. ಆದರೂ ದುಃಖದಲ್ಲಿ ಹೆಂಗಸು ಏನೇನೋ ಹೇಳುತ್ತಾಳೆ ಎಂದು ಎಲ್ಲರೂ ತಲೆ ಅಲ್ಲಾಡಿಸಿದರು.

ಆಮೇಲೆ ತಿಥಿಯ ದಿನ ನಾನು ಪದ್ಯ ಓದಿದೆ.

ಮುಂದೆ ಓಡಿದ ಕೆಂಚ, ಹಿಂದೆ ಓಡಿದೆ ನೀನು,
ನಡುವೆ ಎಲ್ಲಿಂದ ಬಂತೊ ಕುರುಡು ಗುಂಡು?

ಈ ಸಾಲಿಗೆ ಗಂಡಸರೂ ಕಣ್ಣೊರೆಸಿಕೊಂಡರು. ನನಗೆ ಖುಷಿಯಾಯಿತು — ಹೌದು, ಅಣ್ಣನ ತಿಥಿಯಲ್ಲಿ, ನನ್ನ ಸಾಲು ಗೆದ್ದಿತೆಂದು ಒಳಗೊಳಗೇ ಉಬ್ಬಿದೆ. ಅವನು ಹೋದ ಸಂಕಟ ನಿಜವಾಗಿತ್ತು, ನಾನು ಅತ್ತದ್ದೂ ನಿಜವೇ. ಅದೇ ಇನ್ನೂ ಕೆಟ್ಟದ್ದು. ನಿಜವಾದ ಕಣ್ಣೀರಿನಲ್ಲಿ ಅದ್ದಿಕೊಟ್ಟ ಸುಳ್ಳನ್ನು ಯಾರು ಅನುಮಾನಿಸುತ್ತಾರೆ? ಕಟ್ಟಿದ್ದ ನಾಯಿಯನ್ನು ನಾನು ಬಿಚ್ಚಿ ಓಡಿಸಿದ್ದೆ. ಅದರ ಹಿಂದೆ ಅಣ್ಣನನ್ನೂ ಓಡಿಸಿ, ಅವನ ಸಾವಿಗೆ ಅವನ ಆತುರವನ್ನೇ ಹೊಣೆ ಮಾಡಿದ್ದೆ.

ಊಟದ ಗದ್ದಲ ಮುಗಿದ ಮೇಲೆ ಅತ್ತಿಗೆ ನನ್ನೆದುರು ಬಂದು ನಿಂತರು. “ಕೆಂಚ ಮನೇಲಿದ್ದ ಅಂತ ನಿಂಗೂ ಗೊತ್ತು ಸುಬ್ಬು” ಎಂದರು. ಆಗ ನಾನು ಆಡಿದ ಮಾತು —

“ಪದ್ಯದಲ್ಲಿ ಅಷ್ಟೆಲ್ಲ ನೋಡಕ್ಕಾಗಲ್ಲ, ಅತ್ತಿಗೆ.”

ಅದುವರೆಗೆ ನನ್ನನ್ನು ಸುಬ್ಬು ಎಂದು ಕರೆಯುತ್ತಿದ್ದವರು ಅಂದಿನಿಂದ ಮೇಷ್ಟ್ರೇ ಎನ್ನತೊಡಗಿದರು.

ಪದ್ಯ ಶಾಲೆಗೂ ಬಂತು. ಪ್ರತಿ ವಾರ್ಷಿಕೋತ್ಸವದಲ್ಲಿ ಯಾವುದಾದರೂ ಮಗು ಅದನ್ನು ಬಾಯಿಪಾಠ ಹೇಳುತ್ತಿತ್ತು. ಉಚ್ಚಾರಣೆ ತಪ್ಪಿದರೆ ನಾನು ತಿದ್ದುತ್ತಿದ್ದೆ. ಅಣ್ಣನನ್ನೇ ನೋಡದ ಮಕ್ಕಳಿಗೂ ಅವನು ನಾಯಿಯ ಹಿಂದೆ ಓಡಿ ಸತ್ತದ್ದು ಗೊತ್ತಾಯಿತು. ಅತ್ತಿಗೆ ಈ ನಡುವೆ ತೋಟವನ್ನು ಒಬ್ಬರೇ ನಿಭಾಯಿಸಿದರು. ಬೇಲಿಯ ಗೂಟಗಳನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿ, ಪಕ್ಕದಲ್ಲಿ ತಾವೇ ಕುಳಿತು ಕಾಫಿ ಕುಯ್ಯಿಸಿದರು. ಎರಡು ಸಾವಿರನೇ ಇಸವಿಯ ನಂತರದ ಒಂದು ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯೂ ಆದರು. ಆ ವರ್ಷದ ವಾರ್ಷಿಕೋತ್ಸವಕ್ಕೆ ಅವರನ್ನೇ ಅತಿಥಿಯಾಗಿ ಕರೆಯಬೇಕಾಯಿತು.

ಶಾಮಿಯಾನ ಹಾಕಿಸಿಕೊಟ್ಟವನು ಉಮೇಶ. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಪದ್ಯ ಹೇಳಿ ಮುಗಿಸಿದಳು, ಚಪ್ಪಾಳೆ ಬಿತ್ತು. ಅತ್ತಿಗೆ ಎದ್ದು ಹುಡುಗಿಯ ತಲೆ ಸವರಿ, “ಚೆನ್ನಾಗ್ ಹೇಳ್ದೆ ಪುಟ್ಟಿ. ನಂದೂ ಒಂದಿದೆ, ಕೇಳು” ಎಂದು ಮೈಕು ತೆಗೆದುಕೊಂಡರು. ಚೀಟಿಯಿಲ್ಲ, ಗಂಟಲು ಸರಿಮಾಡಿಕೊಳ್ಳುವುದಿಲ್ಲ.

ಕೋವಿ ಗೋಡೇಲಿತ್ತು, ಕೆಂಚ ಹಗ್ಗದಲ್ಲಿದ್ದ,
ಲೋಟದಲ್ಲಿ ನಿಮ್ಮ ಕಾಫಿ ಆರ್ತಾ ಇತ್ತು.
ಬೇಲಿ ನೋಡಿ ಬರ್ತೀನಿ ಅಂತ ಹೋದೋರು
ಬೇಲಿ ಬುಡದಲ್ಲೇ ಮಲಗಿಬಿಟ್ರಿ.
ಗುಂಡು ಕುರುಡಲ್ಲ, ಅದಕ್ಕೆ ಕಣ್ಣಿತ್ತು,
ಕಣ್ಣಿದ್ದೋನಿಗೆ ಒಂದು ಹೆಸರಿತ್ತು.

ನಾನು ಅಷ್ಟು ವರ್ಷ ಕವಿಯೆಂದು ಮೆರೆದವನು. ಅಣ್ಣನ ಮೇಲೆ ಬರೆಯಬೇಕಾಗಿದ್ದ ಪದ್ಯ ಯಾವುದೆಂದು ಅಂದು ಕೇಳಿದೆ. ಉಮೇಶ ಕಾಲು ಇಳಿಸಿದ. “ಹೆಸ್ರು ಹೇಳಕ್ಕೆ ಸಾಕ್ಷಿ ಬೇಕಂತೆ,” ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. “ಮೇಷ್ಟ್ರೇ?”

ನಾನು ಎದ್ದು ವೇದಿಕೆಗೆ ಹೋದೆ. ಮೈಕಿನಲ್ಲಿ ನನ್ನ ದನಿ ಯಾರದೋ ದನಿಯಂತೆ ಕೇಳಿಸಿತು. “ಅತ್ತಿಗೆ ಹೇಳಿದ್ದು ನಿಜ. ನಾನು ಬರೆದದ್ದು ಸುಳ್ಳು. ಹಂದಿ ಅಂತ್ಲೇ ಹೊಡೀತೀನಿ ಅಂತ ಹಿಂದಿನ ಸಂಜೆ ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದೀನಿ. ಹೇಳಿದ್ದು ಉಮೇಶ.”

ಚಪ್ಪಾಳೆ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು, ಆಮೇಲೆ ಅವರ ಪಕ್ಕದವರು, ಆಮೇಲೆ ತೋಟದ ಕೆಲಸದವರು, ಅಂಗಡಿಯವರು, ಮಕ್ಕಳು — ನೋಡನೋಡುತ್ತ ಇಡೀ ಶಾಮಿಯಾನ ಅತ್ತಿಗೆಗಾಗಿ ಎದ್ದು ನಿಂತಿತ್ತು. ಉಮೇಶ ತನ್ನದೇ ಶಾಮಿಯಾನದಿಂದ ತಲೆ ತಗ್ಗಿಸಿ ಹೊರಗೆ ನಡೆದ. ಅತ್ತಿಗೆ ಅವನತ್ತ ನೋಡಲೂ ಇಲ್ಲ. ಅಷ್ಟು ಎತ್ತರಕ್ಕೆ ಒಬ್ಬರು ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಮೂಡಿಗೆರೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆವು. ಕೇಸು ಮತ್ತೆ ತೆರೆಯಿತು, ಈಗಲೂ ನಡೆಯುತ್ತಿದೆ. ಇಷ್ಟು ವರ್ಷ ಎಲ್ಲಿದ್ದಿರಿ ಎಂದು ವಕೀಲರು ಕೇಳಿದಾಗ ಹೆದರಿ ಕೂತಿದ್ದೆ ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಬರಬೇಕಾದದ್ದು ಬರಲಿ. ಠಾಣೆಯ ಮೆಟ್ಟಿಲಿಳಿಯುವಾಗ ಅತ್ತಿಗೆ ಹೇಳಿದರು, “ಇಷ್ಟ್ ವರ್ಷ ಬರೀ ಸಿಟ್ಟೇ ಇತ್ತು. ಅವ್ರಿಗೋಸ್ಕರ ಅಳಕ್ಕೂ ಬಿಡ್ಲಿಲ್ಲ ನೀವೆಲ್ಲ.” ಅಲ್ಲೇ ಕೂತು, ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ, ಮನಸಾರೆ ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

ನನ್ನನ್ನು ಅವರು ಇನ್ನೂ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಅದು ಬದಲಾಗಲಿ ಎಂದು ಕೇಳುವ ಹಕ್ಕು ನನಗಿಲ್ಲ. ಶಾಲೆಯಲ್ಲಿ ಈಗ ಮಕ್ಕಳಿಗೆ ಅವರ ಪದ್ಯವನ್ನೇ ಕಲಿಸುತ್ತೇನೆ. ‘ಗೋಡೇಲಿತ್ತು’ ಎಂದರೆ ತಪ್ಪಲ್ಲವೇ ಸಾರ್, ‘ಗೋಡೆಯಲ್ಲಿತ್ತು’ ಆಗಬೇಕಲ್ಲವೇ ಎಂದು ಜಾಣ ಮಕ್ಕಳು ಕೇಳುತ್ತಾರೆ. ಅವರು ಹೇಳಿದ್ದು ಹೇಗಿದೆಯೋ ಹಾಗೇ ಹೇಳಿ, ಎನ್ನುತ್ತೇನೆ. ಒಂದಕ್ಷರವನ್ನೂ ತಿದ್ದುವುದಿಲ್ಲ.