ಗಾಲ್ಫ್ ಮೈದಾನದ ಕಲ್ಲುಮನೆ

ಸಿಂದಗಿಯ ನನ್ನ ಟ್ರಾವೆಲ್ಸ್ ಆಫೀಸಿಗೆ ಗಾಲ್ಫ್ ಪ್ರವಾಸ ಕೇಳಿ ಬಂದ ಮೊದಲಿಗರು ದೇವರ ಹಿಪ್ಪರಗಿಯ ದನದ ಡಾಕ್ಟರು. ಸ್ಕಾಟ್ಲೆಂಡಿನ ದೊಡ್ಡ ದೊಡ್ಡ ಹೋಟೆಲುಗಳನ್ನು ಹುರುಪಿನಿಂದ ತೋರಿಸಿದೆ. ಕುರಿಗಾರರ ಮನೆತನದ ಅವರ ಹೆಂಡತಿ ಮಾತ್ರ, “ನಾ ಒಲ್ಲೆ, ನೀವ ಹೋಗ್ರಿ” ಅಂತ ಕೂತಿದ್ದರು. ಅವರನ್ನು ಬಿಟ್ಟು ಡಾಕ್ಟರು ಹೋಗುವವರಲ್ಲ. ಅಷ್ಟರಲ್ಲಿ ಮೈದಾನದ ಅಂಚಿನ ಒಂದು ಕಲ್ಲಿನ ಮನೆ ತೆರೆಯ ಮೇಲೆ ಬಂತು.

“ತಡಿಯೋ ತಮ್ಮಾ! ಅವು ಕುರಿ ಅಲ್ಲೇನು?”

“ಹೌದ್ರಿ ಅಕ್ಕಾರ, ಮನಿ ಮಾಲಕನವು. ಆಡೋ ಹುಲ್ಲಿನಾಗ ಮೇಯ್ತಾವ್ರಿ.”

“ಹಂಗಾರ ಇದನ್ನ ಹಿಡಿ. ನಾನೂ ಬರ್ತೇನಿ!”

ಡಾಕ್ಟರು ಖುಷಿಗೆ ನನ್ನ ಕೈ ಕುಲುಕಿದರು.

ಅಲ್ಲಿಗೆ ಹೋದ ಮೂರನೇ ದಿನ ವಿಡಿಯೊ ಕಾಲ್ ಮಾಡಿದರು. “ಆಟ ಹೆಂಗ ನಡದೈತ್ರಿ?” ಎಂದೆ.

“ಎಲ್ಲಿ ಆಟ! ಇಕಿ ಕುರಿ ಉಣ್ಣೆ ಕತ್ತರಸಾಕತ್ತಾಳ, ನಾ ಅದರ ಕಾಲು ಹಿಡಕೊಂಡೇನಿ!”

ಹೋದ ವಾರ ಅವರ ಬೀಗರು ಬಂದು ಅದೇ ಮನೆ ಬೇಕೆಂದರು. ಗಾಲ್ಫ್ ಅಂದರೇನು ಅಂತ ಇನ್ನೂ ಕೇಳಿಲ್ಲ.