ಸವಣೂರಿನವರ ಸಕ್ಕರೆ, ನಮ್ಮ ಪಾರಿಯ ಮೊಣಕಾಲು

ಸವಣೂರಿನ ಸರ್ ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಟೀಪಾಯಿ ಮೇಲೆ ಇಟ್ಟಾಗ ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ.

ಹೆಣ್ಣು ನೋಡಲು ಬಂದವರೇನಲ್ಲ. ಸವಣೂರಿನ ಒಂದು ಡಿಗ್ರಿ ಕಾಲೇಜಿನ ಪಿಟಿ ಸರ್ ಅವರು. ಈಗಷ್ಟೇ ಪಿಯುಸಿ ಮುಗಿಸಿರುವ ನನ್ನ ಮಗಳು ಪಾರ್ವತಿಯನ್ನು ತಮ್ಮ ಕಬಡ್ಡಿ ಟೀಮಿಗೆ ಕೇಳಲು ಅಕ್ಕಿಆಲೂರಿನ ನಮ್ಮ ಮನೆಗೆ ಬಂದಿದ್ದರು.

ಬಂದ ರೀತಿ ಮಾತ್ರ ಥೇಟ್ ಬೀಗರದೇ. ಕೈಯಲ್ಲಿ ಬಾಳೆಹಣ್ಣು, ಒಳಗೆ ಬಂದವರೇ ನಮ್ಮ ಮಾವನವರ ಕಾಲಿಗೆ ನಮಸ್ಕಾರ. ಎದುರುಮನೆ ಅಕ್ಕ ಹಿತ್ತಲ ಬಾಗಿಲಿಗೆ ಬಂದು, "ಹುಡುಗ ಏನ್ ಮಾಡ್ತಾನಂತ?" ಎಂದು ಮೆಲ್ಲಗೆ ಕೇಳಿಯೇ ಬಿಟ್ಟಳು.

ಮೊದಲೆಲ್ಲ ಹೀಗಿರಲಿಲ್ಲ. ನಮ್ಮ ಕಡೆ ಕಾಲೇಜು ಹುಡುಗಿಯರ ಕಬಡ್ಡಿ ಟ್ರೋಫಿ ಹಾನಗಲ್ಲಿಗೇ ಅಂತ ಬರೆದಿಟ್ಟ ಹಾಗಿತ್ತು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರು ಬರುತ್ತಿದ್ದರು, ಸೋಲುತ್ತಿದ್ದರು, ಉಪ್ಪಿಟ್ಟು ತಿಂದು ಬಸ್ಸು ಹತ್ತುತ್ತಿದ್ದರು.

ಆಮೇಲೆ ಒಂದು ವರ್ಷ ಶಿಗ್ಗಾಂವಿ ಗೆದ್ದಿತು. ಮರುವರ್ಷ ಹಿರೇಕೆರೂರು. ಈಗ ಕೊನೆಯ ರೇಡ್ ಮುಗಿಯುವ ತನಕ ಯಾರು ಗೆಲ್ಲುತ್ತಾರೆ ಅಂತ ಹೇಳುವ ಹಾಗೇ ಇಲ್ಲ.

ಎಲ್ಲರಿಗೂ ಆಸೆ ಹುಟ್ಟಿದೆ. ಆಸೆ ಹುಟ್ಟಿದ ಮೇಲೆ ಒಳ್ಳೆಯ ರೇಡರ್ ಇರುವ ಮನೆ ಹುಡುಕಿಕೊಂಡು ಬರಲೇಬೇಕಲ್ಲ.

ಸರ್ ಹೇಳಿದ್ದು ಚೆನ್ನಾಗಿತ್ತು. ಫೀಸ್ ಇಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ, ಅವಳು ಕೇಳಿದ ಬಿಎಸ್ಸಿ. ನಮ್ಮದು ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಝೆರಾಕ್ಸ್ ಅಂಗಡಿ... ಇಂಥ ಸೀಟು ಸಿಗದಿದ್ದರೆ ಪಾರಿಯ ಓದು ಪಿಯುಸಿಗೇ ನಿಲ್ಲುತ್ತದೆ. ಅದು ಅವಳಿಗೂ ಗೊತ್ತು.

ಆದರೆ ಸರ್‌ಗೆ ಗೊತ್ತಿಲ್ಲದ ಸಂಗತಿಯೊಂದಿತ್ತು.

ಇತ್ತೀಚೆಗೆ ಹುಲಗೂರಿನಲ್ಲಿ ಆಡುವಾಗ ಪಾರಿಯ ಬಲ ಮೊಣಕಾಲು ತಿರುಚಿತ್ತು. ಈ ವರ್ಷ ಆಟದ ಹೆಸರೇ ಎತ್ತಬೇಡ, ಪೂರ್ತಿ ವಾಸಿಯಾಗಲಿ ಅಂತ ಡಾಕ್ಟರ್ ಹೇಳಿದ್ದರು.

ನಮ್ಮ ಯಜಮಾನರು ಅಂಗಡಿಗೆ ಹೋಗುವ ಮೊದಲೇ ನನಗೆ ತಾಕೀತು ಮಾಡಿದ್ದರು. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಇಲ್ಲಿ ಸುಳ್ಳು ಸೈತ ಬ್ಯಾಡ, ಸುಮ್ನಿದ್ರ ಸಾಕು." ಮಾವನವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಅವರಿಗೂ ಕಾಲಿನ ಪೆಟ್ಟಿನ ವಿಷಯ ತಿಳಿಸಿರಲಿಲ್ಲ.

ಈಗ ನೋಡಿದರೆ ಸಕ್ಕರೆ ಬಂದು ಕೂತಿದೆ.

ನಮ್ಮಲ್ಲಿ ಮಾತುಕತೆ ಮುಗಿದು ಎರಡೂ ಕಡೆಯವರು ಸಕ್ಕರೆ ತಿಂದರೆ ಮಾತು ಕೊಟ್ಟಂತೆ. ಏನಾದರೂ ಕೊರತೆ ಇದ್ದರೆ ಅದಕ್ಕೂ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಮೋಸ. ಸರ್ ಕೂಡ ಇದೇ ಕಡೆಯವರು, ಬೇರೆ ಕಾಲೇಜಿನವರು ಬರುವ ಮೊದಲೇ ನಮ್ಮನ್ನು ಕಟ್ಟಿಹಾಕುವ ಲೆಕ್ಕ ಅವರದು.

ಸರ್ ಪೊಟ್ಟಣದ ದಾರ ಬಿಚ್ಚಲು ಹೊರಟರು. ಮಾವನವರು ಖುಷಿಯಿಂದ ಅಂಗೈ ಚಾಚಿದರು. ನಾನು ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸೆರಗು ಹಿಂಡುತ್ತಾ ನಿಂತಿದ್ದೇನೆ...

"ಅಜ್ಜಾ, ತಡಿ."

ಪಾರಿ ಒಳಗಿನಿಂದ ಬಂದಳು. ಸರ್ ಮುಂದೆ ನಿಂತು ಚೂಡಿದಾರದ ಪ್ಯಾಂಟನ್ನು ಮೊಣಕಾಲ ತನಕ ಎತ್ತಿ, ಸುತ್ತಿದ ಬ್ಯಾಂಡೇಜ್ ತೋರಿಸಿದಳು.

"ಸರ, ಈ ವರ್ಷ ಆಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ್ರಿ. ನಾ ಆಡದಿದ್ರೂ ನನ್ನ ಓದಸ್ತೀರೇನ್ರಿ?"

ಮಾವನವರ ಕೈ ಹಾಗೇ ಚಾಚಿಕೊಂಡೇ ಇತ್ತು.

ಸರ್ ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡು ಹೇಳಿದರು. "ಚಲೋ ಮಾಡಿದಿ, ಮೊದಲ ಹೇಳಿದಿ. ಆದ್ರ ಇದು ನನ್ನ ಕೈಯಾಗ ಇಲ್ಲವ್ವಾ. ಪ್ರಿನ್ಸಿಪಾಲರನ್ನ ಕೇಳಿ ಫೋನ್ ಮಾಡ್ತೇನಿ."

ಇಟ್ಟ ಚಹಾ ಅರ್ಧ ಕುಡಿದು ಎದ್ದರು. ಸಕ್ಕರೆ ಅಲ್ಲೇ ಉಳಿಯಿತು.

ನಿಜ ಹೇಳುತ್ತೇನೆ, ಆಗ ನನಗೆ ಮಗಳ ಮೇಲೆ ಹೆಮ್ಮೆಗಿಮ್ಮೆ ಏನೂ ಬರಲಿಲ್ಲ. ಸಿಟ್ಟು ಬಂತು. ಬಾಗಿಲಿಗೆ ಬಂದ ಭಾಗ್ಯವನ್ನು ಕಾಲಿನಿಂದ ಒದ್ದಳಲ್ಲ ಅಂತ ಸಂಕಟವಾಯಿತು. ಅದನ್ನೇ ಬಾಯಿಬಿಟ್ಟು ಅಂದೂ ಬಿಟ್ಟೆ.

ಅವಳು ದನಿ ಏರಿಸಲಿಲ್ಲ. "ಅವ್ವಾ, ಮುಚ್ಚಿಟ್ಟು ಹೋದ್ರ ಮೊದಲನೇ ಮ್ಯಾಚಿಗೇ ಇಳಸ್ತಾರ. ಇಳದ್ರ ಕಾಲು ಹೋಗತೈತಿ. ಕಾಲು ಹೋದ ಮ್ಯಾಲೆ ಹಾಸ್ಟೆಲ್ ಇರತೈತೇನು? ಆವಾಗ ನಮ್ಮ ಮನಿಗೆ ಯಾರು ಸಕ್ಕರಿ ತರ್ತಾರ?"



ಇವತ್ತಿಗೂ ಸವಣೂರಿನಿಂದ ಫೋನ್ ಬಂದಿಲ್ಲ. ಮೊಬೈಲ್ ಗುಂಯ್ ಅಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ಬರೀ ರೀಚಾರ್ಜ್ ಮೆಸೇಜು.

ಪೊಟ್ಟಣ ಒಳಗಿಡಲು ಹೋದರೆ ಮಾವನವರು ಬಿಡಲಿಲ್ಲ. "ಮುಟ್ಟಬ್ಯಾಡವ್ವಾ, ಅದು ಇನ್ನೂ ಅವರದ." ಈಗ ಇರುವೆ ಬಾರದ ಹಾಗೆ ಅದನ್ನು ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲಲ್ಲಿ ಇಟ್ಟು ಕಾಯುತ್ತಿದ್ದೇನೆ. ಬೇರೆಯವರ ಸಕ್ಕರೆಗೆ ನಾನು ಕಾವಲು.

ಇವತ್ತು ಶಿಗ್ಗಾಂವಿಯ ಕಾಲೇಜಿನಿಂದ ಒಬ್ಬ ಮೇಡಂ ಬರುತ್ತಿದ್ದಾರೆ. ಬಸ್ ಇಳಿದೆ ಅಂತ ಈಗಷ್ಟೇ ಫೋನ್ ಮಾಡಿದರು. ದನಿಯಲ್ಲಿ ಎಷ್ಟು ಉತ್ಸಾಹ ಅಂದರೆ, ಕೇಳಿ ನನಗೇ ಪಾಪ ಅನಿಸಿತು.

ಪಾರಿ ಪಡಸಾಲೆಯಲ್ಲಿ ತಯಾರಾಗಿ ಕೂತಿದ್ದಾಳೆ. ಈ ಸಲ ಬ್ಯಾಂಡೇಜನ್ನು ಪ್ಯಾಂಟಿನ ಮೇಲೆಯೇ ಸುತ್ತಿಕೊಂಡಿದ್ದಾಳೆ, ಬಾಗಿಲಿನಿಂದಲೇ ಕಾಣಲಿ ಅಂತ.

ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಹೊರಗೆ ಗೇಟಿನ ಸದ್ದಾಯಿತು... ಹೇಳ್ರಿ, ಮೇಡಂಗೆ ಮೊದಲು ಚಹಾ ಕೊಡಲೋ, ಅಥವಾ ಚಹಾ ಕುಡಿಯುವಷ್ಟು ಹೊತ್ತಾದರೂ ಅವರು ಕೂರಲಿ ಅಂತ ಮಗಳ ಮೊಣಕಾಲ ಮೇಲೆ ಒಂದು ಟವೆಲ್ ಹೊದಿಸಲೋ?